ಕೋಳಿವಾಡದಿಂದ ಬೇಲೂರಿಗೆ: ಪಣದ ದಾರಿಯಲ್ಲಿ ಒಂದು ದಿನ

ಹುಬ್ಬಳ್ಳಿ-ಧಾರವಾಡಕ್ಕೆ ಬಂದವರು ನೋಡಬೇಕಾದ ಸ್ಥಳಗಳ ಪಟ್ಟಿ ಹೆಚ್ಚುಕಡಿಮೆ ಎಲ್ಲರಿಗೂ ಬಾಯಿಪಾಠವಾಗಿದೆ. ಸಿದ್ಧಾರೂಢ ಮಠ, ಉಣಕಲ್ ಕೆರೆ, ಚಂದ್ರಮೌಳೇಶ್ವರ ಗುಡಿ, ಸಾಧನಕೇರಿ, ವಿದ್ಯಾವರ್ಧಕ ಸಂಘ. ಮರಳಿ ಹೋಗುವಾಗ ಕೈಯಲ್ಲೊಂದು ಪೇಡೆಯ ಪೊಟ್ಟಣ. 2023ರಿಂದ ಈ ಪಟ್ಟಿಗೆ ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮೂ ಸೇರಿಕೊಂಡಿದೆ. ಇವೆಲ್ಲವನ್ನೂ ನೋಡಿ ಮುಗಿಸಿದವರಿಗೆ, ಅದರಲ್ಲೂ ಮಕ್ಕಳನ್ನು ಕಟ್ಟಿಕೊಂಡು ಹೊರಡುವ ಪಾಲಕರಿಗೆ, ನಾನು ಇನ್ನೊಂದು ದಾರಿ ತೋರಿಸುತ್ತೇನೆ. ಬೆಳಿಗ್ಗೆ ಕೋಳಿವಾಡದಲ್ಲಿ ಹೊರಟು ಸಂಜೆ ಬೇಲೂರಿಗೆ ಮುಟ್ಟುವ ದಾರಿ ಇದು. ಒಂದೇ ದಿನದಲ್ಲಿ ಮುಗಿಯುತ್ತದೆ, ಆದರೆ ಐನೂರು ವರ್ಷಕ್ಕೂ ಮೀರಿದ ಕಥೆ ಇದರೊಳಗಿದೆ. ಕಥೆ ಯಾವುದರದು ಎಂದರೆ, ಪಣದ್ದು.

ಇಂಥ ಪ್ರವಾಸದ ಯೋಚನೆ ಬಂದದ್ದಕ್ಕೂ ಕಾರಣವುಂಟು. ಪಾಲಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು ಕೇಳಿದರು: "ಸರ, ಈ ಪೋಕರ್ ಅಂದ್ರ ಏನ್ರಿ? ನಮ್ಮ ಹುಡುಗ ಅದು ಜೂಜಲ್ಲ, ಬುದ್ಧಿ ಆಟ ಅಂತ ವಾದಾ ಮಾಡ್ತಾನ." ಪಕ್ಕದಲ್ಲಿದ್ದ ತಾಯಿಯೊಬ್ಬರು, "ನಮ್ಮನ್ಯಾಗ ರಮ್ಮಿದು ಇದೇ ಕಥೀರಿ" ಎಂದರು. ಸಭೆಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ವಿಜ್ಞಾನ ಕಲಿಸುವವನಿಗೆ ಇದಕ್ಕೆ ಉತ್ತರ ಗೊತ್ತಿರಲೇಬೇಕೆಂಬುದು ಅವರ ನಂಬಿಕೆ.

ಆಟ ಬುದ್ಧಿಯದೋ ಅದೃಷ್ಟದ್ದೋ ಎಂಬ ಪ್ರಶ್ನೆ ಎಲ್ಲರೂ ಕೇಳುವಂಥದ್ದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದುಂಟು: ಒಂದು ಸಲಕ್ಕೆ ಎಷ್ಟು ಇಡಬಹುದು? ಎಲೆ ಯಾವುದೇ ಇರಲಿ, ದಾಳ ಯಾವುದೇ ಇರಲಿ, ಪಣಕ್ಕೆ ಹಾಕಿದ ಮಿತಿ ಎಂಥದು ಎಂಬುದರ ಮೇಲೆ ಆಟದ ಗುಣವೇ ಬದಲಾಗುತ್ತದೆ. ನಮ್ಮ ಈ ಅವಳಿ ನಗರದ ದಾರಿಯಲ್ಲಿ ಆ ಮಿತಿಯ ನಾನಾ ರೂಪಗಳು ಒಂದರ ಹಿಂದೊಂದು ಸಾಲಾಗಿ ಸಿಗುತ್ತವೆ.

ಮೊದಲ ನಿಲ್ದಾಣ ಕೋಳಿವಾಡ

ಕೋಳಿವಾಡ ಹುಬ್ಬಳ್ಳಿ ತಾಲ್ಲೂಕಿನ ಹಳ್ಳಿ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೊರಟರೆ ದಾರಿಯುದ್ದಕ್ಕೂ ಕಪ್ಪು ಎರೆಭೂಮಿ. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಮಣ್ಣು. ಬೇಸಿಗೆಯಲ್ಲಿ ಅಂಗೈ ಹಿಡಿಯುವಷ್ಟು ಅಗಲಕ್ಕೆ ಬಿರಿಯುವ ಮಣ್ಣು. ಹತ್ತಿ, ಕಡಲೆ, ಮೆಣಸಿನಕಾಯಿ ಇಲ್ಲಿಯ ಬೆಳೆ. ಈ ಊರು ನಾಡಿಗೆಲ್ಲ ಗೊತ್ತಿರುವುದು ಮಾತ್ರ ಕುಮಾರವ್ಯಾಸನ ಊರೆಂದು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಕನ್ನಡದಲ್ಲಿ ಭಾರತವನ್ನು ಹಾಡಿದ ಕವಿ ಈ ಎರೆಯ ನೆಲದವನು. ಅವನ ಸಭಾಪರ್ವದಲ್ಲಿ ದ್ಯೂತದ ಪ್ರಸಂಗ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಗಮಕಿಗಳು ಅದನ್ನು ಓದುವಾಗ ಕೇಳುವವರು ಉಸಿರು ಬಿಗಿಹಿಡಿದು ಕೂಡುತ್ತಿದ್ದರು.

ಆ ಪ್ರಸಂಗವನ್ನು ಲೆಕ್ಕದ ಮಾಸ್ತರನ ಕಣ್ಣಿನಿಂದ ಒಮ್ಮೆ ನೋಡಿ. ಧರ್ಮರಾಯ ಮೊದಲು ಇಟ್ಟದ್ದು ಮುತ್ತು, ಚಿನ್ನ. ಆಮೇಲೆ ರಥ, ಆನೆ, ಕುದುರೆ. ಅದಾದ ಮೇಲೆ ಭಂಡಾರ, ರಾಜ್ಯ. ಅದೂ ಮುಗಿದ ಮೇಲೆ ಒಬ್ಬೊಬ್ಬ ತಮ್ಮ, ಬಳಿಕ ತಾನು, ಕೊನೆಗೆ ದ್ರೌಪದಿ. ಶಕುನಿಯ ದಾಳದ ಮೋಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ಆಟಕ್ಕೆ ಎರಡು ಕಟ್ಟಳೆಗಳಿರಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಒಂದು ಸಲಕ್ಕೆ ಇಷ್ಟೇ ಇಡಬೇಕೆಂಬ ಮಿತಿ ಇರಲಿಲ್ಲ. ಕೂಡುವಾಗ ಎದುರಿಗೆ ಇಟ್ಟುಕೊಂಡದ್ದನ್ನು ಬಿಟ್ಟು ಬೇರೇನನ್ನೂ ತರುವಂತಿಲ್ಲ ಎಂಬ ನಿಯಮವೂ ಇರಲಿಲ್ಲ. ಇವೆರಡರಲ್ಲಿ ಒಂದಾದರೂ ಇದ್ದಿದ್ದರೆ, ದಾಳ ಮೋಸದ್ದೇ ಆಗಿದ್ದರೂ, ಧರ್ಮರಾಯ ಕಳೆದುಕೊಳ್ಳುತ್ತಿದ್ದದ್ದು ಒಂದಿಷ್ಟು ಮುತ್ತು.

ಇನ್ನೊಂದು ಸೂಕ್ಷ್ಮವೂ ಇಲ್ಲುಂಟು. ಧೃತರಾಷ್ಟ್ರ ಎಲ್ಲವನ್ನೂ ಮರಳಿಸಿದ ಮೇಲೆ ಎರಡನೆಯ ಸಲ ಆಟ ನಡೆಯುತ್ತದೆ. ಅದರಲ್ಲಿ ಪಣ ಒಂದೇ, ಅದೂ ಮೊದಲೇ ಗೊತ್ತು ಮಾಡಿದ್ದು: ಸೋತವರು 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ ಮಾಡಬೇಕು. ಘೋರವಾದ ಪಣವೇ ಸರಿ. ಆದರೆ ಅದಕ್ಕೊಂದು ಎಣಿಕೆ ಇತ್ತು, ಕೊನೆಯೂ ಇತ್ತು. 13 ವರ್ಷ ಕಳೆದು ಪಾಂಡವರು ಮರಳಿ ಬಂದರು. ಮೊದಲನೆಯ ಆಟ ಅದರ ಪಾಡಿಗೆ ನಡೆದಿದ್ದರೆ ಮರಳಿ ಬರಲು ಅವರಿಗೆ ಏನೂ ಉಳಿಯುತ್ತಿರಲಿಲ್ಲ.

ಹತ್ತಿಯ ದರದಿಂದ ಹುಟ್ಟಿದ ಚೀಟಿ

ಕೋಳಿವಾಡದಿಂದ ಹುಬ್ಬಳ್ಳಿಗೆ ಬಂದರೆ ಎರಡನೆಯ ನಿಲ್ದಾಣ ಕಾಟನ್ ಮಾರ್ಕೆಟ್. ಹತ್ತಿಯ ಗಾಡಿಗಳಿಗಿಂತ ಅಂಗಡಿ, ಕಚೇರಿಗಳೇ ಹೆಚ್ಚು ಕಾಣುವ ಈ ಭಾಗದಲ್ಲಿ ಹಳೆಯ ಹೆಸರು ಗಟ್ಟಿಯಾಗಿ ನಿಂತಿದೆ. 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಧಾರವಾಡ ಸೀಮೆಗೆ ಬಂದು, ಇಲ್ಲಿಯ ಎರೆಮಣ್ಣಿಗೆ ಒಗ್ಗಿ, 'ಧಾರವಾಡ-ಅಮೆರಿಕನ್' ಎಂದು ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗದಂತಾದಾಗ ಮುಂಬಯಿ ಪೇಟೆಯಲ್ಲಿ ದರ ಮುಗಿಲಿಗೇರಿತು; ಯುದ್ಧ ಮುಗಿದೊಡನೆ ಅಷ್ಟೇ ವೇಗವಾಗಿ ನೆಲ ಕಚ್ಚಿತು. ಹತ್ತಿಯ ದರವನ್ನು ಕಾಯುವುದು, ಅದರ ಮೇಲೆ ಮನಸ್ಸಿನಲ್ಲೇ ಪಣ ಕಟ್ಟುವುದು ಈ ಪೇಟೆಯ ರಕ್ತಕ್ಕೆ ಹೊಸದಲ್ಲ.

ಮಟಕಾ ಹುಟ್ಟಿದ್ದೂ ಹತ್ತಿಯ ದರದಿಂದಲೇ. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದ ಆರಂಭದ ದರ, ಮುಕ್ತಾಯದ ದರ ಟೆಲಿಪ್ರಿಂಟರಿನಲ್ಲಿ ಮುಂಬಯಿಗೆ ಬರುತ್ತಿದ್ದವು. ಆ ಅಂಕಿಗಳ ಮೇಲೆ ಜನ ದುಡ್ಡು ಕಟ್ಟುತ್ತಿದ್ದರು. ಓಪನಿಂಗ್, ಕ್ಲೋಸಿಂಗ್ ಎಂಬೆರಡು ಮಾತು ಸೇರಿ ನಮ್ಮ ಕಡೆ 'ಓಸಿ' ಆಯಿತು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಾಗ ಆಟ ನಿಲ್ಲಲಿಲ್ಲ. ಅಂಕಿ ಬರೆದ ಚೀಟಿಗಳನ್ನು ಮಡಕೆಗೆ ಹಾಕಿ ಎತ್ತತೊಡಗಿದರು. ಮಡಕೆಯೇ ಮಟಕಾ. ಮುಂಬಯಿಯ ಗಿರಣಿ ಕಾರ್ಮಿಕರ ಓಣಿಗಳಲ್ಲಿ ಬೆಳೆದದ್ದು ರೈಲು ಹತ್ತಿ ಬೆಳಗಾವಿ, ಹುಬ್ಬಳ್ಳಿ, ಗದಗಗಳಿಗೂ ಇಳಿಯಿತು.

ಪೊಲೀಸರು ಚೀಟಿ ಬರೆಯುವವರನ್ನು ಹಿಡಿದಾಗ ಪತ್ರಿಕೆಯಲ್ಲಿ ಬರುವ ಸುದ್ದಿಯನ್ನು ನೀವು ಓದಿರಬಹುದು: 1 ರೂಪಾಯಿಗೆ 80 ಕೊಡುತ್ತೇವೆ, 90 ಕೊಡುತ್ತೇವೆ ಎಂದು ಜನರಿಂದ ಹಣ ಪಡೆಯುತ್ತಿದ್ದರು ಎಂದು. ವಿದ್ಯಾರ್ಥಿಗಳೇ, ಇಲ್ಲಿ ಪೆನ್ಸಿಲ್ ತೆಗೆದುಕೊಳ್ಳಿ. 00ಯಿಂದ 99ರವರೆಗೆ ಜೋಡಿ ಅಂಕಿಗಳು 100. ಒಬ್ಬನೇ ಮನುಷ್ಯ 100 ಜೋಡಿಗೂ ಒಂದೊಂದು ರೂಪಾಯಿ ಕಟ್ಟಿದನೆನ್ನಿ. ಅವನು ಕೊಟ್ಟದ್ದು 100. ಒಂದು ಜೋಡಿ ಬಂದೇ ಬರುತ್ತದೆ. ಅವನಿಗೆ ಬರುವುದು 80 ಅಥವಾ 90. ಎಲ್ಲ ಅಂಕಿಯನ್ನೂ ಕೊಂಡವನೇ 10ರಿಂದ 20 ರೂಪಾಯಿ ಕಳೆದುಕೊಳ್ಳುವ ಅಂಗಡಿ ಇದು! ಕನಸಿನಲ್ಲಿ ಬಂದ ಅಂಕಿ, ವಾಹನದ ನಂಬರು, ಸ್ವಾಮಿಗಳು ಬೆರಳು ತೋರಿಸಿದ ಲೆಕ್ಕ, ಇವು ಯಾವುವೂ ಆ ವಜಾಬಾಕಿಯನ್ನು ಬದಲಿಸಲಾರವು.

ಮಟಕಾದಲ್ಲಿ ದೊಡ್ಡ ಪಣ ಬೇಕಿಲ್ಲ ಎಂಬುದನ್ನು ಗಮನಿಸಿ. ಹಮಾಲನೂ 10 ರೂಪಾಯಿ ಇಡಬಹುದು. ಪಣ ಸಣ್ಣದು, ಆದರೆ ಆಟದೊಳಗೇ ಒಂದು ತೂತಿದೆ. ದಿನಕ್ಕೊಂದಿಷ್ಟು ಸೋರಿ ಹೋಗುತ್ತದೆ. ಸೋರುವುದು ನಿಧಾನವಾದ್ದರಿಂದ ಮನೆಯವರಿಗೆ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಹಾಗಾಗಿ ಮಿತಿಯ ಪ್ರಶ್ನೆಯ ಜೊತೆಗೆ ಎರಡನೆಯ ಪ್ರಶ್ನೆಯನ್ನೂ ಬರೆದುಕೊಳ್ಳಿ: ಪ್ರತಿ ಸುತ್ತಿನಲ್ಲೂ ಪಾಲು ತೆಗೆದುಕೊಳ್ಳುವವನು ಯಾರಾದರೂ ಇದ್ದಾನೆಯೇ?

ಸರಕಾರಗಳಿಗೂ ಈ ವಿಷಯ ಅರ್ಥವಾದದ್ದುಂಟು. 1990ರ ದಶಕದಲ್ಲಿ ದುರ್ಗದಬೈಲಿನ ಸುತ್ತ ಓಡಾಡಿದವರಿಗೆ ಲಾಟರಿ ಅಂಗಡಿಗಳ ಮುಂದಿನ ಗದ್ದಲ ನೆನಪಿರಬಹುದು. ಒಂದಂಕಿ ಲಾಟರಿ ಎಂದರೆ ಬಣ್ಣದ ಕಾಗದದಲ್ಲಿ ಅಚ್ಚಾದ ಓಸಿಯೇ. ಸಂಸತ್ತು 1998ರಲ್ಲಿ ಮಾಡಿದ ಲಾಟರಿ ಕಾಯ್ದೆ ಒಂದಂಕಿಯ ಮೇಲೆ ಬಹುಮಾನ ಕೊಡುವುದನ್ನು ತಡೆಯಿತು. ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಬಾರದೆಂದೂ ಹೇಳಿತು. ಅಂದರೆ ಪಣಕ್ಕಷ್ಟೇ ಅಲ್ಲ, ಕಾಲಕ್ಕೂ ಮಿತಿ ಬೇಕೆಂದು ಕಾನೂನು ಬರೆದವರು ಕಂಡುಕೊಂಡಿದ್ದರು. ಕರ್ನಾಟಕದಲ್ಲಿ 2007ರ ಏಪ್ರಿಲ್ 1ರಿಂದ ಲಾಟರಿಯೇ ನಿಂತುಹೋಯಿತು.

ದೀಪಾವಳಿಯ ಜಮಖಾನೆ

ಮಾರ್ಕೆಟ್ಟಿನಿಂದ ಹಳೇ ಹುಬ್ಬಳ್ಳಿಯ ಓಣಿಗಳ ಕಡೆಗೆ ಹೊರಳಿದರೆ ಮಾಳಿಗೆ ಮನೆಗಳು, ಕಟ್ಟೆಗಳು. ದೀಪಾವಳಿಯ ಲಕ್ಷ್ಮೀಪೂಜೆ ಮುಗಿದ ರಾತ್ರಿ ಪಡಸಾಲೆಯಲ್ಲಿ ಜಮಖಾನೆ ಹಾಸಿ ಇಸ್ಪೀಟು ಆಡುವುದು ಈ ಭಾಗದಲ್ಲಿ ಹಳೆಯ ರೂಢಿ. ಅದೇ ದಿನಗಳಲ್ಲಿ ಅಂದರ್-ಬಾಹರ್ ಅಡ್ಡೆಗಳ ಮೇಲೆ ಪೊಲೀಸರ ದಾಳಿ ನಡೆದ ಸುದ್ದಿಯೂ ಬಹುತೇಕ ಪ್ರತಿ ವರ್ಷ ಓದಲು ಸಿಗುತ್ತದೆ.

ಅಂದರ್-ಬಾಹರ್‌ನಲ್ಲಿ ಬುದ್ಧಿಗೆ ಕೆಲಸವೇ ಇಲ್ಲ. ಒಂದು ಎಲೆ ತೆರೆದಿಟ್ಟು, ಅದೇ ಅಂಕಿಯ ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ನೋಡುವುದು. ಮೊದಲು ಎಲೆ ಬೀಳುವ ಕಡೆಗೆ ಗೆಲುವಿನ ಸಾಧ್ಯತೆ ಸುಮಾರು 51.5, ಇನ್ನೊಂದು ಕಡೆಗೆ 48.5. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಆಡಿಸುವವನ ಪಾಲು ಬೇರೆ.

ಮೂರೆಲೆ ಆಟ, ಅಂದರೆ ತೀನ್ ಪತ್ತಿ, ಸ್ವಲ್ಪ ಬೇರೆ. ಇದು ಪೋಕರಿನ ಸಮೀಪದ ನೆಂಟ. 52 ಎಲೆಯಲ್ಲಿ ಮೂರು ಎಲೆಯ ಜೋಡಣೆಗಳು ಒಟ್ಟು 22,100. ಮೂರೂ ಒಂದೇ ಅಂಕಿಯ ಎಲೆ ಬರುವುದು 52 ಬಗೆಯಲ್ಲಿ ಮಾತ್ರ; ಅಂದರೆ 425 ಸಲಕ್ಕೆ ಒಂದು ಸಲ. ಈ ಆಟದ ಬಿಸಿ ಇರುವುದು ಪಣ ಏರುವ ರೀತಿಯಲ್ಲಿ. ಎಲೆ ನೋಡದೆ ಆಡುವವನು, ಅಂದರೆ ಬ್ಲೈಂಡ್ ಆಡುವವನು, ಇಟ್ಟಿದ್ದರ ಎರಡು ಪಟ್ಟನ್ನು ಎಲೆ ನೋಡಿದವನು ಇಡಬೇಕು. ಬೇಕಾದವರು ಪಣವನ್ನು ದುಪ್ಪಟ್ಟು ಮಾಡಬಹುದು. 1, 2, 4, 8 ಎಂದು ಹತ್ತು ಸಲ ದುಪ್ಪಟ್ಟಾದರೆ 1 ರೂಪಾಯಿ 1,024 ಆಗುತ್ತದೆ. ಜಮಖಾನೆಯ ಮೇಲೆ ಚಹಾದ ಕಪ್ಪು ತಣ್ಣಗಾಗುವಷ್ಟರಲ್ಲಿ ಇದು ಮುಗಿಯುತ್ತದೆ.

ನಮ್ಮ ಹಿರಿಯರಿಗೆ ಘಾತಾಂಕದ ಪಾಠ ಆಗಿರಲಿಲ್ಲ, ಆದರೆ ಅದರ ಅರಿವಿತ್ತು. ಅನೇಕ ಮನೆಗಳಲ್ಲಿ ಹಬ್ಬದ ಆಟವನ್ನು ಹುಣಸೆ ಬೀಜದಲ್ಲಿ, ಕವಡೆಯಲ್ಲಿ ಆಡಿಸುತ್ತಿದ್ದರು. ದುಡ್ಡಿಟ್ಟು ಆಡುವ ಮನೆಗಳಲ್ಲೂ 'ನಡುವಿನ ರಾಶಿ ಇಷ್ಟಾಯಿತೆಂದರೆ ಎಲ್ಲರೂ ಎಲೆ ತೆರೆಯಬೇಕು' ಎಂಬ ಕರಾರಿರುತ್ತಿತ್ತು. ಮುದುಕಿಯೊಬ್ಬಳು ತೂಕಡಿಸುತ್ತ ಮೂಲೆಯಲ್ಲಿ ಕುಳಿತು, ಬೀಜ ಮುಗಿದವನಿಗೆ "ಏಳಪ್ಪಾ, ಸಾಕು, ಹಾಸಿಗಿ ಹಾಸ್ಕೊ" ಎನ್ನುತ್ತಿದ್ದಳು. ಅವಳು ಅಲ್ಲಿ ಕುಳಿತಿದ್ದೇ ಆ ಆಟದ ಮುಖ್ಯ ನಿಯಮ.

ಚಿಗರಿಯಲ್ಲಿ ಪೋಕರ್ ಪಾಠ

ಇನ್ನು ಧಾರವಾಡದ ಕಡೆಗೆ. 2018ರಲ್ಲಿ ಪ್ರಾಯೋಗಿಕವಾಗಿ ಓಡಾಟ ಆರಂಭಿಸಿದ ಬಿಆರ್‌ಟಿಎಸ್ ಬಸ್ಸಿಗೆ ನಮ್ಮ ಜನರ ಬಾಯಲ್ಲಿ ಇರುವ ಹೆಸರು ಚಿಗರಿ. ತನ್ನದೇ ಪ್ರತ್ಯೇಕ ದಾರಿಯಲ್ಲಿ ಜಿಂಕೆಯಂತೆ ಓಡುತ್ತದೆ. ಈ ಪ್ರಯಾಣದ ನಡುವೆ ಪೋಕರ್ ಎಂದರೇನು ಎಂಬುದನ್ನು ಹೇಳಿ ಮುಗಿಸಬಹುದು.

ಪೋಕರಿನಲ್ಲಿ ಈಗ ಹೆಚ್ಚು ಪ್ರಚಾರದಲ್ಲಿರುವ ಬಗೆಯಲ್ಲಿ ಪ್ರತಿಯೊಬ್ಬನಿಗೆ ಎರಡು ಗುಟ್ಟಿನ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ. ಅವುಗಳಲ್ಲಿ ಉತ್ತಮವಾದ ಐದನ್ನು ಜೋಡಿಸಿದವನಿಗೆ ರಾಶಿ. ಎಲೆಗಳು ತೆರೆದುಕೊಳ್ಳುತ್ತ ಹೋದಂತೆ ನಾಲ್ಕು ಸುತ್ತು ಪಣ ನಡೆಯುತ್ತದೆ. ಎಲೆ ಚೆನ್ನಾಗಿಲ್ಲದವನು ಕೆಳಗಿಟ್ಟು ಸುಮ್ಮನಾಗಬಹುದು, ಅಥವಾ ಚೆನ್ನಾಗಿರುವಂತೆ ನಟಿಸಿ ಪಣ ಏರಿಸಬಹುದು. ಇದರಲ್ಲಿ ಲೆಕ್ಕ, ನೆನಪು, ಎದುರಿನವನ ಮನಸ್ಸನ್ನು ಓದುವ ಜಾಣತನ ಬೇಕು ಎಂಬುದು ಸುಳ್ಳಲ್ಲ. ಆ ಹುಡುಗ ತಂದೆಯ ಜೊತೆ ವಾದ ಮಾಡಿದ್ದರಲ್ಲಿ ಅರ್ಧ ಸತ್ಯವಿದೆ.

ಉಳಿದರ್ಧ ಪಣದ ವ್ಯವಸ್ಥೆಯಲ್ಲಿದೆ. ಅದು ಮೂರು ಬಗೆ.

ಮೊದಲನೆಯದು ಫಿಕ್ಸೆಡ್ ಲಿಮಿಟ್, ಕಟ್ಟುಮಿತಿ. 10-20ರ ಆಟವೆಂದರೆ ಮೊದಲ ಎರಡು ಸುತ್ತಿನಲ್ಲಿ ಪಣ ಹತ್ತು ಹತ್ತಾಗಿಯೇ ಏರಬೇಕು, ಕೊನೆಯ ಎರಡು ಸುತ್ತಿನಲ್ಲಿ ಇಪ್ಪತ್ತು ಇಪ್ಪತ್ತಾಗಿ. ಸಾಮಾನ್ಯವಾಗಿ ಒಂದು ಸುತ್ತಿಗೆ ಒಂದು ಪಣ, ಮೂರು ಏರಿಕೆ. ಆಗ ಒಬ್ಬನು ಒಂದು ಆಟದಲ್ಲಿ ಕಳೆದುಕೊಳ್ಳಬಹುದಾದ ಗರಿಷ್ಠ ಮೊತ್ತ 40, 40, 80, 80 ಸೇರಿ 240. ಕೂಡುವ ಮೊದಲೇ ಇದನ್ನು ಲೆಕ್ಕ ಹಾಕಿಟ್ಟುಕೊಳ್ಳಬಹುದು.

ಎರಡನೆಯದು ಪಾಟ್ ಲಿಮಿಟ್, ರಾಶಿಯ ಮಿತಿ. ಆ ಹೊತ್ತಿಗೆ ನಡುವೆ ಎಷ್ಟು ರಾಶಿ ಇದೆಯೋ ಅಷ್ಟರವರೆಗೆ ಇಡಬಹುದು. ಮನೆಯ ತೀನ್ ಪತ್ತಿಯಲ್ಲಿ ರಾಶಿಗೆ ಮಿತಿ ಎಂದರೆ ಆಟ ಅಲ್ಲಿಗೆ ನಿಲ್ಲುತ್ತದೆ. ಪೋಕರಿನಲ್ಲಿ ಅದೇ ಮಾತಿಗೆ ಅರ್ಥ ಬೇರೆ, ರಾಶಿ ಬೆಳೆದಂತೆ ಮಿತಿಯೂ ಬೆಳೆಯುತ್ತದೆ. ನಡುವೆ 30 ಇದೆ ಎನ್ನಿ. ಒಬ್ಬ 30 ಇಡುತ್ತಾನೆ, ಇನ್ನೊಬ್ಬ ಸರಿಗಟ್ಟುತ್ತಾನೆ; ರಾಶಿ 90. ಮುಂದಿನ ಸುತ್ತಿಗೆ 270, ಆಮೇಲೆ 810, ನಾಲ್ಕನೆಯ ಸುತ್ತಿಗೆ 2,430. ಯಾರೂ ಒಮ್ಮೆಯೂ ಏರಿಸದೆ, ಬರೀ ಇಟ್ಟು ಸರಿಗಟ್ಟಿದ್ದಕ್ಕೇ ಒಬ್ಬೊಬ್ಬನ ಕೈಯಿಂದ 1,200 ಹೋಗಿರುತ್ತದೆ. ಮಿತಿ ಎಂಬ ಹೆಸರು ನೋಡಿ ನಂಬಿದವನು ಇಲ್ಲಿ ಮೋಸ ಹೋಗುತ್ತಾನೆ.

ಮೂರನೆಯದು ನೋ ಲಿಮಿಟ್. ಎದುರಿಗಿರುವುದನ್ನೆಲ್ಲ ಯಾವ ಸುತ್ತಿನಲ್ಲಾದರೂ ಒಮ್ಮೆಲೇ ನೂಕಬಹುದು. ಟೀವಿಯಲ್ಲಿ, ಫೋನಿನಲ್ಲಿ ಹುಡುಗರು ನೋಡಿ ಮರುಳಾಗುವ ಪೋಕರ್ ಹೆಚ್ಚಾಗಿ ಇದೇ. ಆದರೂ ಪದ್ಧತಿಯಂತೆ ನಡೆಯುವ ಮೇಜಿನಲ್ಲಿ ಒಂದು ಕಡಿವಾಣ ಉಂಟು: ಮೇಜಿನ ಮೇಲೆ ಇಟ್ಟುಕೊಂಡದ್ದಷ್ಟನ್ನೇ ಆಡಬೇಕು, ಆಟದ ನಡುವೆ ಕಿಸೆಗೆ ಕೈ ಹಾಕುವಂತಿಲ್ಲ. ಹಸ್ತಿನಾವತಿಯಲ್ಲಿ ಇಲ್ಲದೆ ಹೋದ ನಿಯಮ ಇದೇ.

ಬಸ್ಸು ಉಣಕಲ್ ದಾಟುವಾಗ ಕಿಟಕಿಯಿಂದ ಕೆರೆ ಕಾಣುತ್ತದೆ. ಕೆರೆ ಕಟ್ಟಿಸಿದವರು ಕಟ್ಟೆಯ ಜೊತೆಗೆ ಕೋಡಿಯನ್ನೂ ಇಡುತ್ತಾರೆ. ಇಷ್ಟು ಮಟ್ಟಕ್ಕೆ ಬಂದರೆ ನೀರು ಹೊರಗೆ ಹೋಗಲಿ ಎಂಬುದು ಅದರ ಲೆಕ್ಕ. ಕೋಡಿ ಇಲ್ಲದ ಕೆರೆಯ ಕಟ್ಟೆ ಎಷ್ಟು ದಪ್ಪವಿದ್ದರೂ ಒಂದು ಮಳೆಗಾಲಕ್ಕೆ ಒಡೆಯುತ್ತದೆ.

ನೂರು ಹುಣಸೆ ಬೀಜ

ಮಿತಿ ಹಾಕಿದರೆ ಗೆಲ್ಲುತ್ತೇವೆಯೇ? ಈ ಪ್ರಶ್ನೆಯನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಪುಸ್ತಕದಿಂದ ಹೇಳುವ ಬದಲು ತರಗತಿಯಲ್ಲೇ ಮಾಡಿ ನೋಡಿದೆವು. ನೀವೂ ಮನೆಯಲ್ಲಿ ಮಾಡಬಹುದು. ಬೇಕಾದದ್ದು 100 ಹುಣಸೆ ಬೀಜ, ಒಂದು ನಾಣ್ಯ.

ಒಬ್ಬನ ಹತ್ತಿರ 10 ಬೀಜ, ಇನ್ನೊಬ್ಬನ ಹತ್ತಿರ 90. ನಾಣ್ಯ ಚಿಮ್ಮಿ, ಸೋತವನು ಗೆದ್ದವನಿಗೆ ಒಂದು ಬೀಜ ಕೊಡಬೇಕು. ಒಬ್ಬನ ಬೀಜ ಪೂರ್ತಿ ಮುಗಿಯುವವರೆಗೆ ಆಟ. ಮೋಸವಿಲ್ಲ, ಪಾಲು ತೆಗೆಯುವವನಿಲ್ಲ. ಆದರೂ 10 ಬೀಜದವನು 100 ಬೀಜವನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 10 ಮಾತ್ರ. ಬರಿಗೈ ಆಗುವ ಸಾಧ್ಯತೆ ನೂರಕ್ಕೆ 90. ಬಡವ-ಬಲ್ಲಿದರ ನಡುವಿನ ಆಟ ಎಷ್ಟೇ ನ್ಯಾಯವಾಗಿದ್ದರೂ ಅದರ ಗತಿ ಇದು. ಗಣಿತದಲ್ಲಿ ಇದನ್ನು ಜೂಜುಗಾರನ ದಿವಾಳಿಯ ಸಮಸ್ಯೆ ಎನ್ನುತ್ತಾರೆ. ಬೆಳಕಿನ ತರಂಗ ಸಿದ್ಧಾಂತ, ಲೋಲಕದ ಗಡಿಯಾರ ಎಂದು ನೀವು ಓದುವ ಹೈಗನ್ಸ್ 1657ರಲ್ಲೇ ತನ್ನ ಪುಸ್ತಕದಲ್ಲಿ ಇಂಥದೊಂದು ಲೆಕ್ಕವನ್ನು ಕೊಟ್ಟಿದ್ದ.

ಈಗ ನಿಯಮ ಬದಲಿಸಿ. 10 ಬೀಜದವನು ಪ್ರತಿ ಸಲ ತನ್ನಲ್ಲಿರುವುದನ್ನೆಲ್ಲ, ಅಥವಾ ನೂರಕ್ಕೆ ಕಡಿಮೆ ಬಿದ್ದಷ್ಟನ್ನು, ಒಮ್ಮೆಲೇ ಇಡಲಿ. ಗೆಲ್ಲುವ ಸಾಧ್ಯತೆ ಎಷ್ಟಾಯಿತು? ಆಶ್ಚರ್ಯವೆಂದರೆ ಆಗಲೂ ನೂರಕ್ಕೆ 10, ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬದಲಾಗುವುದು ಕಾಲ. ಒಂದೊಂದೇ ಬೀಜ ಇಟ್ಟರೆ ಆಟ ಮುಗಿಯಲು ಸರಾಸರಿ 900 ಸಲ ನಾಣ್ಯ ಚಿಮ್ಮಬೇಕು. ಎಲ್ಲವನ್ನೂ ಇಟ್ಟರೆ ಸರಾಸರಿ 2 ಸಲ!

ನಮ್ಮ ತರಗತಿಯಲ್ಲಿ ಒಂದೊಂದೇ ಬೀಜ ಇಟ್ಟ ಹುಡುಗರ ಗುಂಪುಗಳಲ್ಲಿ ಕೆಲವರ ಆಟ ಗಂಟೆ ಬಾರಿಸಿದರೂ ನಡೆದೇ ಇತ್ತು. ಎರಡು ಗುಂಪಿನವರು ಬೇಸರವಾಗಿ ತಾವೇ ಎದ್ದು, ಉಳಿದ ಬೀಜ ಕಿಸೆಗೆ ಹಾಕಿಕೊಂಡು ಆಟದ ಬಯಲಿಗೆ ಓಡಿದರು. ಎಲ್ಲವನ್ನೂ ಇಟ್ಟವರ ಆಟ ನಾನು ಹಲಗೆಯ ಮೇಲೆ ತಲೆಬರಹ ಬರೆಯುವಷ್ಟರಲ್ಲಿ ಮುಗಿದಿತ್ತು. ಅವರಿಗೆ ಬೇಸರವಾಗುವುದಕ್ಕೂ ವೇಳೆ ಸಿಗಲಿಲ್ಲ.

ಆ ಹುಡುಗಿಗೆ ಉತ್ತರ ಸಿಕ್ಕಿತು. ಮಿತಿಯಿಂದ ಗೆಲುವು ಹೆಚ್ಚುವುದಿಲ್ಲ. ಎದ್ದು ಹೋಗಲು ಸಮಯ ಸಿಗುತ್ತದೆ. ಹಸಿವಾಗಲು, ನಿದ್ದೆ ಬರಲು, ಹೆಂಡತಿ ಕರೆಯಲು, ವಿದುರನಂಥ ಹಿರಿಯರ ಮಾತು ಕಿವಿಗೆ ಬೀಳಲು ಸಮಯ.

ಕೊನೆಯ ನಿಲ್ದಾಣ ಬೇಲೂರು

ಧಾರವಾಡ ದಾಟಿ ಬೆಳಗಾವಿಯ ಹೆದ್ದಾರಿ ಹಿಡಿದರೆ ಬೇಲೂರು ಸಿಗುತ್ತದೆ. ಶಿಲಾಬಾಲಿಕೆಯರ ಬೇಲೂರಲ್ಲ, ಕೈಗಾರಿಕಾ ಪ್ರದೇಶದ ಬೇಲೂರು. ಇಲ್ಲಿಯೇ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ. ಉತ್ತರ ಕರ್ನಾಟಕದ ಜನರ ಬಹುದಿನದ ಬೇಡಿಕೆಯ ಫಲವಾಗಿ 2008ರ ಜುಲೈಯಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಪೀಠವಾಯಿತು. ಜೂಜಿನ ದೊಡ್ಡ ತೀರ್ಪುಗಳು ಈ ಕಟ್ಟಡದಲ್ಲಿ ಹುಟ್ಟಿದವಲ್ಲ. ದಿಲ್ಲಿ, ಬೆಂಗಳೂರುಗಳಲ್ಲಿ ಬಂದವು. ಆದರೂ ನ್ಯಾಯಾಲಯದ ಎದುರು ನಿಂತು ಕಾನೂನಿನ ದಾರಿಯನ್ನು ನೆನೆಯಲು ಇದಕ್ಕಿಂತ ತಕ್ಕ ಜಾಗ ನಮ್ಮ ಸೀಮೆಯಲ್ಲಿಲ್ಲ.

ಕಾನೂನು ಬಹುಕಾಲ ಕೇಳಿದ್ದು ಆ ಹುಡುಗ ಕೇಳಿದ ಪ್ರಶ್ನೆಯನ್ನೇ: ಕೌಶಲವೋ ಅದೃಷ್ಟವೋ? 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ಅಪರಾಧವೆಂದಿತು, ಕೌಶಲದ ಆಟವನ್ನು ಹೊರಗಿಟ್ಟಿತು. 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. ಅದೇ ತೀರ್ಪಿನಲ್ಲಿ ಮೂರೆಲೆಯ ಆಟವನ್ನು ಬರೀ ಅದೃಷ್ಟದ್ದೆಂದಿತು. ರಮ್ಮಿಯಿಂದ ಜಾಗದ ಮಾಲೀಕ ಲಾಭ ತೆಗೆಯುತ್ತಿದ್ದರೆ ಮಾತು ಬೇರೆ ಎಂದೂ ಎಚ್ಚರಿಸಿತು. 2013ರಲ್ಲಿ ನಮ್ಮ ಹೈಕೋರ್ಟು, ಕೌಶಲದ ಆಟವೆಂಬ ನೆಲೆಯಲ್ಲಿ, ಪೋಕರಿಗೆ ಪರವಾನಗಿ ಬೇಕಿಲ್ಲವೆಂದಿತು. 2021ರಲ್ಲಿ ರಾಜ್ಯ ಸರಕಾರ ಪೊಲೀಸ್ ಕಾಯ್ದೆ ತಿದ್ದಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು.

ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನೇ ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ್ದಿರಲಿ, ಅದೃಷ್ಟದ್ದಿರಲಿ, ಹಣ ಪಣವಿಟ್ಟು ಆಡಿಸುವ ಆನ್‌ಲೈನ್ ಆಟ, ಅದರ ಜಾಹೀರಾತು, ಅದಕ್ಕೆ ಹಣ ದಾಟಿಸುವುದು, ಮೂರನ್ನೂ ಈ ಕಾಯ್ದೆ ನಿಷೇಧಿಸುತ್ತದೆ. ಆಡಿಸುವವರಿಗೆ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ. ಆಡಿ ಕಳೆದುಕೊಂಡವನನ್ನು ಅಪರಾಧಿ ಎನ್ನುವುದಿಲ್ಲ. ಪಾಲಕರು ಈ ಕೊನೆಯ ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಮಗ ದುಡ್ಡು ಕಳೆದುಕೊಂಡು ಬಂದಾಗ ಪೊಲೀಸರ ಹೆದರಿಕೆಯಿಂದ ಮುಚ್ಚಿಡುವ ಕಾರಣವಿಲ್ಲ.

ಕಾನೂನು ಬಂದ ಮಾತ್ರಕ್ಕೆ ಆಟ ನಿಲ್ಲುತ್ತದೆಯೇ? ಓಸಿ ನಿಷಿದ್ಧವಾಗಿದ್ದೂ ಚೀಟಿ ಬರೆಯುವವರು ಸಿಗುತ್ತಲೇ ಇದ್ದಾರೆ. ಅದಕ್ಕೆ ಮನೆಯಲ್ಲಿ ಬೇಕಾದದ್ದು ಲೆಕ್ಕದ ತಿಳಿವಳಿಕೆ. ಫೋನಿನ ಆಟವನ್ನು ಈ ದಿನದ ದಾರಿಯಲ್ಲಿ ಕಂಡದ್ದರ ಜೊತೆ ಹೋಲಿಸಿ ನೋಡಿ. ಮಟಕಾದಂತೆ ಪ್ರತಿ ಸುತ್ತಿನಲ್ಲೂ ಪಾಲು ಹೋಗುತ್ತದೆ. ಮೂರೆಲೆಯಂತೆ ಪಣ ಏರುತ್ತದೆ. ಲಾಟರಿಗಿದ್ದ ವಾರದ ಗಡುವು ಇಲ್ಲ. ಒಂದು ಆಟ ಮುಗಿದರೆ ಮರುಗಳಿಗೆಗೆ ಇನ್ನೊಂದು. ಮೇಜಿನ ಮೇಲಿನದಷ್ಟೇ ಎಂಬ ನಿಯಮ ಹೆಸರಿಗಿದ್ದರೂ, ಒಂದು ಆಟದಿಂದ ಇನ್ನೊಂದು ಆಟಕ್ಕೆ ಬೆರಳೊತ್ತಿದರೆ ಬ್ಯಾಂಕಿನ ಖಾತೆಯೇ ಮೇಜಾಗುತ್ತದೆ. ಖಾತೆ ಬರಿದಾದರೆ ಸಾಲ ಕೊಡುವ ಆ್ಯಪ್ ಪಕ್ಕದಲ್ಲೇ ಕೂತಿರುತ್ತದೆ. ಮೂಲೆಯಲ್ಲಿ ತೂಕಡಿಸುತ್ತ "ಏಳಪ್ಪಾ, ಸಾಕು" ಎನ್ನುವ ಮುದುಕಿ ಮಾತ್ರ ಎಲ್ಲಿಯೂ ಇಲ್ಲ.

ಆದ್ದರಿಂದ ಮಕ್ಕಳ ಜೊತೆ ಕೂತು ಮಾತಾಡುವಾಗ 'ಅದು ಕೆಟ್ಟದ್ದು' ಎಂದಷ್ಟೇ ಹೇಳಿ ಏಳಬೇಡಿ. ಅವರು ಬುದ್ಧಿ ಆಟವೆಂದರೆ ಒಪ್ಪಿಕೊಂಡು, ಮೂರು ಪ್ರಶ್ನೆ ಕೇಳಿ. ಒಂದು ಸಲಕ್ಕೆ ಹೆಚ್ಚೆಂದರೆ ಎಷ್ಟು ಹೋಗಬಹುದು? ಪ್ರತಿ ಸುತ್ತಿಗೆ ಯಾರು ಪಾಲು ತೆಗೆಯುತ್ತಾರೆ? ಏಳು ಎಂದು ಹೇಳುವವರು ಯಾರು? ಉತ್ತರವನ್ನು ಅವರೇ ಕಾಗದದ ಮೇಲೆ ಬರೆಯಲಿ. ಬುದ್ಧಿಯ ಆಟವೇ ಬೇಕೆಂದರೆ ಚದುರಂಗವಿದೆ, ಚೌಕಾಬಾರವಿದೆ. ಪೋಕರನ್ನೇ ಕಲಿಯುವ ಹಟವಿದ್ದರೆ ಹುಣಸೆ ಬೀಜ ಇಟ್ಟು ಆಡಲಿ, ಎಲೆಗಳ ಸಾಧ್ಯತೆಯ ಲೆಕ್ಕ ಅದರಲ್ಲೂ ಅಷ್ಟೇ ಸೊಗಸು.

ಬೇಲೂರಿನಲ್ಲಿ ಹೊತ್ತು ಇಳಿಯುವಾಗ ಹೆದ್ದಾರಿಯ ಮೇಲೆ ಲಾರಿಗಳು ಪುಣೆಯ ಕಡೆಗೂ ಬೆಂಗಳೂರಿನ ಕಡೆಗೂ ಓಡುತ್ತಿರುತ್ತವೆ. ಮರಳಿ ಧಾರವಾಡಕ್ಕೆ ಬಂದು, ಪೇಡೆ ಕಟ್ಟಿಸಿಕೊಂಡು, ಕೊನೆಯ ಬಸ್ಸು ಹೊರಡುವ ಮೊದಲು ನಿಲ್ದಾಣಕ್ಕೆ ಮುಟ್ಟಿದರೆ ಪ್ರವಾಸ ಮುಗಿಯಿತು. ಮಕ್ಕಳಿಗೆ ಹಾದಿಯಲ್ಲಿ ಒಂದು ಲೆಕ್ಕ ಕೊಡಿ: 20 ಬೀಜದವನು 80 ಬೀಜದವನೊಡನೆ ಒಂದೊಂದೇ ಬೀಜ ಇಟ್ಟು ಆಡಿದರೆ ಸರಾಸರಿ ಎಷ್ಟು ಸಲ ನಾಣ್ಯ ಚಿಮ್ಮಬೇಕು? 10 ಮತ್ತು 90ರಿಂದ 900 ಹೇಗೆ ಬಂತೆಂದು ಯೋಚಿಸಿದರೆ, ಹುಬ್ಬಳ್ಳಿ ಬರುವಷ್ಟರಲ್ಲಿ ಅವರೇ ಹೇಳುತ್ತಾರೆ.